ಡಾಂಬರು ಮುಗಿಯುವಲ್ಲಿ

"ಏ ಲಗಮಿ, ಕೈಯಾಗ ಜೀವ ಐತೋ ಇಲ್ಲೋ? ಡಾಂಬರ ಆರಾಕತ್ತೈತಿ, ನಿಂತ್ ಏನ್ ಮುಗಲಾ ನೋಡ್ತಿ, ರಂಡಿ!"

ಕೂಲಿಯವರ ಮುಕಾದಮ ಮಾಲಿಂಗ ಒದರಿದ. ಲಗಮವ್ವ ಮುಗಿಲು ನೋಡುತ್ತಿರಲಿಲ್ಲ. ರೋಲರು ಹೊರಳಿದ ದಿಕ್ಕು ನೋಡುತ್ತಿದ್ದಳು. ಹುಕ್ಕೇರಿ ಕಡೆಯಿಂದ ಬಂದ ರಸ್ತೆ ನೆಟ್ಟಗೆ ಹೋದರೆ ಅವಳ ಮಡ್ಡಿವಸ್ತಿ. ರೋಲರು ಬಲಕ್ಕೆ ತಿರುಗಿ ಸಾಹುಕಾರರ ತೋಟದ ಮನೆಯ ಹಾದಿ ಹಿಡಿದಿತ್ತು.

ಇಂಜಿನಿಯರ್ ಸಾಹೇಬರು ಜೀಪಿನ ನೆರಳಲ್ಲಿ ಎಳನೀರು ಕುಡಿಯುತ್ತಿದ್ದರು. ಲಗಮವ್ವ ಕಾಲಿಗೆ ಸುತ್ತಿದ ಗೋಣಿತಟ್ಟನ್ನೂ ಬಿಚ್ಚದೆ ಅವರ ಮುಂದೆ ಹೋಗಿ ನಿಂತಳು.

"ದೂರ ನಿಂದರ. ನಾರತಿ. ಏನದು?"

"ರಸ್ತಾ ನಮ್ ವಸ್ತಿ ಮಟಾ ಅಂದಿದ್ರಲ್ರಿ ಸಾಹೇಬ್ರ? ರಸ್ತಾ ಕೆಟ್ಟೈತೆಂತ ಇದ್ದ ಬಸ್ಸೂ ತಗದಾರ್ರಿ."

"ಬಸ್ ಬರದ ಊರಿಗಿ ರಸ್ತಾ ಯಾಕ ಬೇಕು? ರೊಕ್ಕೆಲ್ಲಾ ಬೆಂಗ್ಳೂರಾಗ ನೆಲದ ಬುಡಕ ರೈಲ ಓಡಸಾಕ ಹೋಗ್ತೈತಿ. ಈ ಕಡಿ ಉದರೂದು ಇಷ್ಟ."

"ಉದರಿದ್ದೂ ಸಾಹುಕಾರ್ರ ತ್ವಾಟಕ್ಕ ಹೊಂಟೈತಲ್ರಿ."

ಸಾಹೇಬರು ಎಳನೀರ ಬುರುಡೆಯನ್ನು ಅವಳ ಕಾಲ ಬಳಿ ಒಗೆದರು. "ಮಾಲಿಂಗ, ನಾಳಿಂದ ಈಕಿ ಬ್ಯಾಡ."

ಕೆಲಸ ಹೋಯಿತು. ಲಗಮವ್ವ ಅಲ್ಲೇ ಬದುವಿನ ಮೇಲೆ ಕೂತಳು. ಮಗಳು ದೀಪಾ ನಿಡಸೋಸಿಯ ಕಾಲೇಜಿನಿಂದ ಸಂಜೆಯ ಬಸ್ಸಿಗೆ ಬರಬೇಕಿತ್ತು. ಬಸ್ಸು ಈಗ ರಸ್ತೆ ಕವಲೊಡೆಯುವ ಈ ಕೂಡಿನಿಂದಲೇ ಹಿಂದಿರುಗುತ್ತದೆ. ಮುಂದೆ ಆಳೆತ್ತರದ ಕಬ್ಬಿನ ನಡುವೆ ಕೆಸರು ದಾರಿ. ಹೋದ ವಾರ ಆ ದಾರಿಯಲ್ಲಿ ಮೋಟರ್‌ಸೈಕಲ್ಲಿನವರು ದೀಪಾಳನ್ನು ಅಡ್ಡಗಟ್ಟಿದ್ದರು. ಹುಡುಗಿ ಹರಿದ ಓಢಣಿ ಹಿಡಿದುಕೊಂಡು ಓಡಿ ಬಂದಿದ್ದಳು. ಅವತ್ತೇ ಗಂಡ ಸತ್ತೆಪ್ಪ, "ಸಾಲಿ ಸಾಕು, ಮೂಡಲಗಿ ವರಾ ಬಂದೈತಿ" ಎಂದುಬಿಟ್ಟಿದ್ದ. ಅವನನ್ನಾದರೂ ಏನೆನ್ನುವುದು? ದಿನಾ ಮಗಳ ಹಿಂದೆ ಬಂದರೆ ಕುರಿ ಕಾಯುವವರು ಯಾರು? ಒಂದು ವಾರ ತಡಿ ಎಂದು ಲಗಮವ್ವ ಅವನ ಕಾಲು ಹಿಡಿದಿದ್ದಳು. ರಸ್ತೆ ಬರುತ್ತದೆ, ಬಸ್ಸೂ ಬರುತ್ತದೆ ಎಂದಿದ್ದಳು.

ಬಸ್ಸು ಬಂತು. ದೊಡ್ಡ ಊರುಗಳಲ್ಲಿ ಓಡಿ ಸವೆದ ಮೇಲೆ ಈ ಕಡೆ ದೂಡಿದ ಬಸ್ಸು; ತಳದ ತಗಡು ತೂತುಬಿದ್ದು ನೆಲ ಕಾಣುತ್ತಿತ್ತು.

"ಇಳೀರಿ, ಇಳೀರಿ ಲಗೂ! ಫುಕಟ ಬರೂ ಮಂದಿಗಿ ಸೊಕ್ಕ ಭಾಳ," ಕಂಡಕ್ಟರ್ ರಾಜಪ್ಪ ಕೂಗಿದ.

ಇಳಿಯುತ್ತಿದ್ದ ಹೆಂಗಸರನ್ನು ಒಳಗೆ ನೂಕುತ್ತಲೇ ಲಗಮವ್ವ ಹತ್ತಿದಳು. "ಯಾರೂ ಇಳೀಬ್ಯಾಡ್ರಿ. ವಸ್ತಿ ಬಂದ ಮ್ಯಾಲ ಇಳಿಯೂನು."

"ನಿನಗ ತಲಿ ಕೆಟ್ಟೈತೇನ?"

"ಕೆಟ್ಟೈತಿ. ಬಿಡ ಗಾಡಿ."

ಡ್ರೈವರ್ ಬಂದಗಿಸಾಬ ತಿರುಗಿ ನೋಡಿದ. "ಯವ್ವಾ, ಆ ತೆಗ್ಗಿನ್ಯಾಗ ಗಾಡಿ ಬುಡದ ಪಾಟಾ ಮುರದ್ರ ನನ್ನ ಪಗಾರದಾಗ ಹಿಡೀತಾರ. ನನ್ನ ಹೊಟ್ಟಿ ಮ್ಯಾಲ ಹೊಡೀಬ್ಯಾಡ."

"ನಿನ್ನ ಮ್ಯಾಲ ಸಿಟ್ಟಿಲ್ಲ ಕಾಕಾ. ಖರೆ ಇಳಿಯಾಂಗಿಲ್ಲ."

ಬಂದಗಿಸಾಬ ಎಂಜಿನ್ ಆರಿಸಿದ. ಬಾಗಿಲ ಬಳಿ ನಿಂತಿದ್ದ ಗೌಸಬಿ ಬಳೆ ಬುಟ್ಟಿಯನ್ನು ಕೆಳಗಿಟ್ಟು ಸೀಟಿನಲ್ಲಿ ಕೂತಳು. "ನಾನೂ ಇಳಿಯಾಂಗಿಲ್ಲ. ನನ್ನ ಸೊಸಿಗಿ ಬ್ಯಾನಿ ಬಂದಾಗ ಇದ ಕಬ್ಬಿನ್ಯಾಗ ಹಡದಾಳ." ಒಬ್ಬೊಬ್ಬರಾಗಿ ಉಳಿದವರೂ ಕೂತರು.

ಅಡ್ಡ ನಿಂತ ಬಸ್ಸಿನ ಹಿಂದೆ ಸಾಹುಕಾರರ ಕಾರು ಸಿಕ್ಕಿಕೊಂಡು ಹಾರ್ನ್ ಬಾರಿಸತೊಡಗಿತು. ರಾಜಪ್ಪ ಕೆಳಗಿಳಿದು ಫೋನ್ ಹಚ್ಚಿದ. ಬಸ್ಸು ಬೇಡಿ ಬರೆದ ಅರ್ಜಿಗೆ ವರ್ಷಗಟ್ಟಲೆ ಯಾರೂ ಬಂದಿರಲಿಲ್ಲ. ಪೊಲೀಸ್ ಜೀಪು ಮಾತ್ರ ಹೊತ್ತು ಮುಳುಗುವ ಮೊದಲೇ ಬಂತು.

"ಅವ್ವಾ, ಇಳಿಯೂನ ಬಾ. ನಡಕೋತ ಹೋಗೂನು. ನಾ ಇನ್ನ ಕಾಲೇಜಿಗಿ ಹೋಗಾಂಗಿಲ್ಲ, ಬಿಡು," ದೀಪಾ ಸೀಟಿನಿಂದ ಎದ್ದು ಬಂದು ತಾಯಿಯ ಸೆರಗು ಜಗ್ಗಿದಳು.

"ಹಂಗಂದಿ ಅಂದ್ರ ನಾಲಗಿ ಕೀಳ್ತೇನಿ. ಕುಂದರ."

ಲಗಮವ್ವ ಬಾಗಿಲು ಜಗ್ಗಿ ಮುಚ್ಚಿ, ಹಿಡಿಕೆಯನ್ನು ಎರಡೂ ಕೈಯಿಂದ ಅವುಚಿ ಹಿಡಿದಳು.

"ತಗೀರಲೇ ಬಾಗಲಾ, ಸೂಳೇರಾ!" ಹೊರಗಿನಿಂದ ಬೂಟಿನ ಒದೆ ಬಿತ್ತು. ತಗಡು ಒಳಕ್ಕೆ ಬಾಗಿತು. ಗೌಸಬಿ ಎದ್ದು ಬಂದು ಹಿಡಿಕೆಯ ಮೇಲೆ ಕೈಯಿಟ್ಟಳು. ಅವಳ ಹಿಂದೆ ಇನ್ನೊಬ್ಬಳು. ಕೂತಿದ್ದ ದೀಪಾಳೂ ಎದ್ದು ತಾಯಿಯ ಕೈಯ ಮೇಲೆ ತನ್ನ ಕೈ ಒತ್ತಿದಳು.

ಕಿಟಕಿಯ ಸರಳುಗಳ ಸಂದಿನಿಂದ ಲಾಠಿಯೊಂದು ಒಳತೂರಿ, ಆ ಕೈಗಳನ್ನು ತಡಕಿ ಬಡಿಯತೊಡಗಿತು.