ಬೇರೆ ಒಲೆ

ಗುಮಾಸ್ತ ಕೇಳಿದ್ದು ತಂಗಿಯನ್ನು, ಉತ್ತರ ಹೇಳಿದ್ದು ಅಕ್ಕ. ಕೆಲಸ ಕೆಟ್ಟಿದ್ದು ಅಲ್ಲಿಯೇ.

ವಲಸೆ ಬಂದವರಿಗೆ ಅರ್ಜಿ ತುಂಬಿಸಿಕೊಡುವ ಗುಮಾಸ್ತ ಅವನು. ಅವನ ಇಕ್ಕಟ್ಟಾದ ಕೋಣೆಯಲ್ಲಿ ಅಕ್ಕತಂಗಿಯರು ಒಂದೇ ಬೆಂಚಿನ ಮೇಲೆ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತಿದ್ದರು. ತಂಗಿ ಬಟ್ಟೆ ರಿಪೇರಿ ಅಂಗಡಿಯಲ್ಲಿ ಹೊಲಿಗೆ ಕೆಲಸದವಳು. ಗಂಡ ತೀರಿಕೊಂಡ ಮೇಲೆ ಮಗಳನ್ನು ನಾದಿನಿಯ ಮನೆಯಲ್ಲಿ ಬಿಟ್ಟು ಈ ದೇಶಕ್ಕೆ ಅಕ್ಕನ ಹತ್ತಿರ ಬಂದು ಏಳು ವರ್ಷವಾಗಿತ್ತು. ಈಗ ಮಗಳನ್ನು ಕರೆಸಿಕೊಳ್ಳಬೇಕು. ಕರೆಸಿಕೊಳ್ಳುವವರು, ಬಂದವರನ್ನು ಹತ್ತು ವರ್ಷ ನಾನೇ ಸಾಕುತ್ತೇನೆ, ಸರ್ಕಾರದ ಮುಂದೆ ಕೈಯೊಡ್ಡಲು ಬಿಡುವುದಿಲ್ಲ ಎಂದು ಬರೆದುಕೊಡಬೇಕು. ಅದಕ್ಕೆ ತಕ್ಕ ವರಮಾನವನ್ನೂ ತೋರಿಸಬೇಕು. ಮನೆಯಲ್ಲಿ ತಲೆಗಳು ಹೆಚ್ಚಿದಷ್ಟೂ ಆ ವರಮಾನದ ಗೆರೆ ಮೇಲೇರುತ್ತದೆ. ಆ ದಿನ ಇಬ್ಬರಿಗೂ ಇದು ಗೊತ್ತಿರಲಿಲ್ಲ.

"ಮನೇಲಿ ಎಷ್ಟು ಜನ?" ಎಂದು ಗುಮಾಸ್ತ ತಲೆ ಎತ್ತದೆ ಕೇಳಿದ.

"ಬರ್ಕೊಳ್ಳಿ, ಆರು ಜನ" ಎಂದಳು ಅಕ್ಕ. "ನಾನು, ನಮ್ಮನೆಯವರು, ನನ್ನ ಎರಡು ಹೆಣ್ಣುಮಕ್ಕಳು, ಅತ್ತೆ, ಇವಳು. ಇವಳ ಮಗಳು ಬಂದ್ರೆ ಏಳು. ಎಲ್ಲಾ ಒಂದೇ ಒಲೆ. ನಮ್ಮನೇಲಿ ನಿಂದು ನಂದು ಅನ್ನೋದೇ ಇಲ್ಲ."

ತಂಗಿಗೆ ಎದೆ ತುಂಬಿ ಬಂದಿತ್ತು. ದೊಡ್ಡ ಕುಟುಂಬ ಹಿಂದಿದೆ ಎಂದರೆ ಸರ್ಕಾರಕ್ಕೂ ಧೈರ್ಯ ಬರುತ್ತದೆ ಎಂದು ಇಬ್ಬರೂ ನಂಬಿದ್ದರು.

ಎರಡು ತಿಂಗಳಿಗೆ ಅರ್ಜಿ ವಾಪಸು ಬಂತು. ಏಳು ಜನರ ಕುಟುಂಬಕ್ಕೆ ವರಮಾನ ಸಾಲದು. ಸಾಲದ್ದಕ್ಕೆ, ಗೋದಾಮಿನ ಕೆಲಸದಲ್ಲಿ ಬೆನ್ನು ಕೆಡಿಸಿಕೊಂಡು ಮನೆಯಲ್ಲೇ ಕೂತಿದ್ದ ಭಾವನಿಗೆ ಸರ್ಕಾರದ ನೆರವು ಬರುತ್ತಿತ್ತು. ಆಗಲೇ ಕೈಯೊಡ್ಡಿದ ಮನೆ ಇನ್ನೊಬ್ಬರನ್ನು ಹೇಗೆ ಸಾಕೀತು ಎಂದು ಪತ್ರ ಸಭ್ಯವಾದ ಭಾಷೆಯಲ್ಲಿ ಕೇಳಿತ್ತು.

"ನೀವು ಬೇರೆ ಇದ್ದಿದ್ರೆ ತಾಯಿ ಮಗಳು ಇಬ್ಬರೇ ಲೆಕ್ಕ" ಎಂದ ಗುಮಾಸ್ತ, ಪತ್ರವನ್ನು ಮಡಿಚುತ್ತ. "ಇಬ್ಬರಿಗೆ ನಿಮ್ಮ ಸಂಬಳ ಧಾರಾಳ ಸಾಕಿತ್ತಮ್ಮ."

"ಈಗ ಬೇರೆ ಮನೆ ಹಿಡೀಲಾ?"

"ಹಿಡಿದ್ರೆ ಹೊಸ ವಿಳಾಸದಲ್ಲಿ ಒಂದು ವರ್ಷ ಇರಬೇಕು. ಮಗಳಿಗೆ ಹದಿನೆಂಟು ತುಂಬೋದು ಯಾವಾಗ?"

"ಹನ್ನೊಂದು ವಾರ ಇದೆ."

ಗುಮಾಸ್ತ ತುಟಿ ಕಚ್ಚಿದ. ಹದಿನೆಂಟು ದಾಟಿದರೆ ಮಗಳು ಕಾಗದದ ಮೇಲೆ ಮಗಳಾಗಿ ಉಳಿಯುವುದಿಲ್ಲ. ಎಲ್ಲರಂತೆ ಅವಳೂ ಒಬ್ಬಳು, ಎಲ್ಲರ ಸಾಲಿನ ಹಿಂದೆ. ಅವನು ಅರ್ಜಿಯ ಪುಟ ತಿರುಗಿಸಿ ಕೇಳಿದ: "ನಿಮ್ಮ ಕೋಣೆಗೆ ಹೊರಗಿಂದ ಬಾಗಿಲಿದೆಯಾ?"

ಇತ್ತು. ಹಿಂದೆ ಸಾಮಾನು ತುಂಬುತ್ತಿದ್ದ ಕೋಣೆ ಅದು. ಓಣಿಗೆ ಒಂದು ಬಾಗಿಲು, ಅಡುಗೆಮನೆಗೆ ಒಂದು ಬಾಗಿಲು. ಮನೆ ಖರ್ಚಿಗೆಂದು ಅವಳು ಪ್ರತಿ ತಿಂಗಳು ಬ್ಯಾಂಕಿನ ಮೂಲಕ ಅಕ್ಕನಿಗೆ ಕೊಡುತ್ತಿದ್ದುದೂ ದಾಖಲೆಯಲ್ಲಿತ್ತು. ಅದನ್ನು ಬಾಡಿಗೆ ಎನ್ನಬಹುದು ಎಂದ ಗುಮಾಸ್ತ. ಒಲೆ ಬೇರೆ, ಪಾತ್ರೆ ಬೇರೆ, ಒಳಬಾಗಿಲಿಗೆ ಎರಡೂ ಕಡೆ ಚಿಲಕ. ಮೊದಲು ಬರೆದದ್ದು ತಪ್ಪು ತಿಳಿವಳಿಕೆ ಎಂದು ಒಂದು ಹೇಳಿಕೆ. ಮೇಲೆ ಅಕ್ಕನ ಸಹಿ.

"ಆದ್ರೆ ನೋಡಿ, ಸುಮ್ನೆ ಬರೆದ್ರೆ ಆಗಲ್ಲ. ಸರ್ಕಾರದವರು ಹೇಳದೆ ಕೇಳದೆ ಬರ್ತಾರೆ. ಫ್ರಿಜ್ ತೆಗೆದು ನೋಡ್ತಾರೆ. ಬೇರೆ ಇದ್ದೀವಿ ಅಂದ್ಮೇಲೆ ಬೇರೆನೇ ಇರಬೇಕು."

ಅಕ್ಕನಿಗೆ ಹೇಳುವುದಕ್ಕೆ ತಂಗಿ ಎರಡು ದಿನ ತೆಗೆದುಕೊಂಡಳು. ಅಕ್ಕನ ಮುಖ ಯಾವಾಗ ಸಡಿಲವಾಗಿರುತ್ತದೆ, ಆಫೀಸುಗಳ ನೆಲ ಒರೆಸಿ ಬಂದು ಕಾಲು ಚಾಚಿದ ಎಷ್ಟು ನಿಮಿಷಕ್ಕೆ ಮೊದಲ ನಿಟ್ಟುಸಿರು ಬರುತ್ತದೆ, ಎಲ್ಲ ಅವಳಿಗೆ ಗೊತ್ತು. ಆ ನಿಟ್ಟುಸಿರು ಕಾದು ಹೇಳಿದಳು.

"ಬಾಡಿಗೆಯವಳಾ?" ಅಕ್ಕ ಕಾಲು ಹಿಂದಕ್ಕೆಳೆದುಕೊಂಡಳು. "ನಿನ್ನನ್ನ ಬಾಡಿಗೆಯವಳು ಅಂತ ನನ್ನ ಕೈಯಾರೆ ಬರೀಬೇಕಾ ಪುಟ್ಟಿ? ಜ್ವರ ಬಂದಾಗ ನಿನ್ನ ಹೊತ್ಕೊಂಡು ಓಡಿದ್ದ ಕೈ ಇದು."

"ಕಾಗದದ ಮೇಲೆ ಅಷ್ಟೇ ಅಕ್ಕ."

"ಚಿಲಕ ಕಾಗದದ್ದಾ?"

ಭಾವ ದಿಂಬಿಗೆ ಒರಗಿಕೊಂಡೇ ನಕ್ಕ. "ಮಾಡೇ, ಸಹಿ ಹಾಕೇ. ಮನೆಗೊಬ್ಬಳು ಬಾಡಿಗೆಯವಳು ಬಂದ್ರೆ ನಂಗೂ ಯಜಮಾನ ಅನ್ನಿಸಿಕೊಳ್ಳೋ ಯೋಗ. ಏನ್ರೀ ಬಾಡಿಗೆಯವರೇ, ನಲ್ಲಿ ಸರಿಯಾಗಿ ನಿಲ್ಲಿಸ್ರೀ, ನೀರು ಪೋಲಾಗ್ತಿದೆ!"

"ನಿಮಗೆ ಎಲ್ಲಾ ತಮಾಷೆ" ಎಂದು ಅಕ್ಕ ಎದ್ದುಹೋದಳು. ಒಂದು ಗಂಟೆಯ ನಂತರ ಬಂದು, "ಎಲ್ಲಿ ಹಾಕಬೇಕು?" ಎಂದು ಕೇಳಿದಳು. ಸಹಿ ಹಾಕುವಾಗ ಪೆನ್ನನ್ನು ಕಾಗದ ಹರಿಯುವಷ್ಟು ಒತ್ತಿದಳು.

ಮಾರನೆಯ ದಿನ ತಂಗಿ ಒಂದು ಕರೆಂಟಿನ ಒಲೆ, ಎರಡು ಪಾತ್ರೆ, ಒಂದು ತಟ್ಟೆ ತಂದಳು. ಆಮೇಲೆ ಯೋಚನೆಯಾಗಿ ಮತ್ತೆ ಹೋಗಿ ಇನ್ನೊಂದು ತಟ್ಟೆ ತಂದಳು. ಒಂದೇ ಇದ್ದರೆ ಮಗಳನ್ನು ನಿಜವಾಗಿ ಕಾಯುತ್ತಿಲ್ಲ ಎಂದುಕೊಂಡಾರು. ಚಿಲಕ ಕೂರಿಸಿದ್ದು ಭಾವ. ಬಗ್ಗಲಾರದೆ ಕುರ್ಚಿಯ ಮೇಲೆ ಕೂತು, ತಮಾಷೆ ಮಾಡುತ್ತಲೇ ತಿರುಪುಮೊಳೆ ಬಿಗಿದ.

ಆಮೇಲಿನ ವಾರಗಳಲ್ಲಿ ತಂಗಿ ಓಣಿಯ ಬಾಗಿಲಿನಿಂದಲೇ ಒಳಗೆ ಬಂದು, ಓಣಿಯ ಬಾಗಿಲಿನಿಂದಲೇ ಹೊರಗೆ ಹೋದಳು. ಅಂಗಡಿಯಲ್ಲಿ ಯಾರದೋ ಪ್ಯಾಂಟಿನ ಅಂಚು ಮಡಿಚುವಾಗಲೂ ಮನಸ್ಸು ಮನೆಯ ಹತ್ತಿರವೇ: ಈಗ ಬಂದಿದ್ದರೆ? ಅಕ್ಕ ಮರೆತು ನನ್ನ ಸೀರೆಯನ್ನು ತನ್ನ ಬಟ್ಟೆಯ ಜೊತೆ ಒಣಗಲು ಹಾಕಿದ್ದರೆ? ಹೊಸ ಕಾರು ಬೀದಿಯಲ್ಲಿ ನಿಂತರೆ ಸಾಕು, ಕೈಯಲ್ಲಿದ್ದ ತುತ್ತು ಅಲ್ಲಿಯೇ ನಿಲ್ಲುತ್ತಿತ್ತು. ಗೋಡೆಯ ಆಚೆ ಆರು ಜನ ಉಣ್ಣುತ್ತಿದ್ದ ಸದ್ದಿನಲ್ಲಿ ಈಗ ಐದು ಜನರ ಸದ್ದು. ಅವಳಿಗೆ ಒಂದೊಂದು ತಟ್ಟೆಯೂ ಬೇರೆ ಬೇರೆಯಾಗಿ ಕೇಳುತ್ತಿತ್ತು. ಭಾವನ ತಾಯಿಗೆ ಮರೆವು. ದಿನವೂ ಅದೇ ಹೊತ್ತಿಗೆ ಅದೇ ಪ್ರಶ್ನೆ: "ಪುಟ್ಟಿ ಯಾಕೆ ಊಟಕ್ಕೆ ಬಂದಿಲ್ಲ? ಯಾರು ಏನಂದ್ರಿ ಅವಳಿಗೆ?"

"ಯಾರೂ ಏನೂ ಅಂದಿಲ್ಲ ಅತ್ತೆ, ನೀವು ಉಣ್ಣಿ."

ಮೊದಮೊದಲು ಅಕ್ಕ ಬಾಗಿಲು ತಟ್ಟಿ, "ಏನು ಮಾಡ್ಕೊಂಡೆ?" ಎಂದು ಕೇಳುತ್ತಿದ್ದಳು. ಒಂದು ದಿನ ಬಟ್ಟಲಿನಲ್ಲಿ ಪಲ್ಯ ತಂದಳು. ತಂಗಿ ತೆಗೆದುಕೊಳ್ಳಲಿಲ್ಲ. "ಬಟ್ಟಲು ನಿಂದು ಅಕ್ಕ. ಈಗಲೇ ಬಂದ್ಬಿಟ್ರೆ?" ಎಂದಳು. ಅಕ್ಕ ಬಟ್ಟಲು ಹಿಡಿದುಕೊಂಡು ಹಿಂದಿರುಗಿದಳು. ಮತ್ತೆ ತರಲಿಲ್ಲ.

ಅವರು ಬಂದದ್ದು ಏಳನೆಯ ವಾರ, ತಂಗಿಗೆ ರಜೆಯಿದ್ದ ಮಧ್ಯಾಹ್ನ. ಬಂದವಳು ಒಬ್ಬಳೇ ಅಧಿಕಾರಿ, ಬೂದು ಕೋಟು, ಮೆತ್ತಗಿನ ಬೂಟು. ಅವಳ ಕೈಯ ಫೋನಿನೊಳಗೆ ದುಭಾಷಿಯೊಬ್ಬ ಕೂತಿದ್ದ. ಅವಳು ಹೇಳಿದ್ದನ್ನೆಲ್ಲ ಕನ್ನಡದಲ್ಲಿ ಹೇಳುತ್ತಿದ್ದ. ಅವಳು ಒಲೆ ನೋಡಿದಳು, ತಟ್ಟೆ ನೋಡಿದಳು, ಕಪಾಟು ತೆಗೆದಳು. ಚಿಲಕವನ್ನು ಎಳೆದು ನೋಡಿದಳು. ಆಮೇಲೆ ಅಕ್ಕನನ್ನು ಓಣಿಯ ಕಡೆಯಿಂದ ಕರೆಸಿದಳು. ಒಳಗೆ ಭಾವ ತಾಯಿಯನ್ನು ಮಾತಿಗೆ ಹಿಡಿದು ಕೂರಿಸಿದ್ದ. ಅವನ ಧ್ವನಿ ಬೇಕೆಂದೇ ದೊಡ್ಡದಾಗಿ ಕೇಳುತ್ತಿತ್ತು.

"ಇವರು ನಿಮ್ಮ ತಂಗಿ, ಹೌದಾ?" ಫೋನು ಕೇಳಿತು.

"ಹೌದು. ಬಾಡಿಗೆಗಿದ್ದಾಳೆ."

"ಊಟ ತಿಂಡಿ?"

"ಅವಳದು ಅವಳಿಗೆ, ನಮ್ಮದು ನಮಗೆ."

ಅಧಿಕಾರಿ ಬರೆದುಕೊಂಡಳು. ಬರೆಯುವುದನ್ನು ನಿಲ್ಲಿಸಿ ಅಕ್ಕನ ಮುಖ ನೋಡಿ ಏನೋ ಹೇಳಿದಳು. ದುಭಾಷಿ ಹೇಳಿದ:

"ಕೇಳ್ತಿದ್ದಾರೆ, ಇವರ ಮಗಳು ಬಂದಳು ಅಂತಿಟ್ಕೊಳ್ಳಿ. ಇವರ ಕೆಲಸ ಹೋಯ್ತು. ಆ ಹುಡುಗಿಗೆ ಊಟಕ್ಕಿಲ್ಲ. ನಿಮ್ಮ ಬಾಗಿಲಿಗೆ ಬಂದ್ರೆ ನೀವು ಹಾಕ್ತೀರಾ?"

ಹಾಕುತ್ತೇನೆ ಎಂದರೆ ಒಂದೇ ಮನೆ, ಏಳು ತಲೆ, ಮಗಳು ಅಲ್ಲಿಯೇ. ಅಕ್ಕ ತಂಗಿಯ ಕಡೆ ನೋಡಲಿಲ್ಲ. ತನ್ನ ಕೈಗಳನ್ನು ನೋಡಿಕೊಂಡಳು.

"ಇಲ್ಲ" ಎಂದಳು.

"ಸ್ವಲ್ಪ ಜೋರಾಗಿ ಹೇಳಿ, ಕೇಳಿಸ್ಲಿಲ್ಲ."

"ಹಾಕಲ್ಲ ಅಂದೆ. ಅವರ ಮಗಳು, ಅವರು ನೋಡ್ಕೋತಾರೆ. ನಂಗೇನು?"

ಎಷ್ಟು ಚೆನ್ನಾಗಿ ಹೇಳಿದಳೆಂದರೆ, ಒಂದು ಕ್ಷಣ ತಂಗಿಯೇ ನಂಬಿದಳು. ಆ ಕ್ಷಣ ದಾಟಿದ ಮೇಲೂ ಅದು ಪೂರ್ತಿ ದಾಟಿತೇ ಎಂದು ಅವಳಿಗೆ ಖಚಿತವಾಗಲಿಲ್ಲ.

ಅಧಿಕಾರಿ ಅಕ್ಕನಿಂದ ಅದಕ್ಕೂ ಸಹಿ ಹಾಕಿಸಿಕೊಂಡಳು. ಎಲ್ಲ ಸರಿಯಿದೆ, ಕಡತ ಒಪ್ಪಿಗೆಗೆ ಹೋಗುತ್ತದೆ, ಹುಟ್ಟುಹಬ್ಬದ ಒಳಗೇ ಆಗುತ್ತದೆ ಎಂದಿತು ಫೋನು. "ಹತ್ತು ವರ್ಷದೊಳಗೆ ಯಾವಾಗ ಬೇಕಾದ್ರೂ ಮತ್ತೆ ಬಂದು ನೋಡಬಹುದು, ಗೊತ್ತಿರಲಿ ಅಂತಿದ್ದಾರೆ."

"ಗೊತ್ತಿದೆ" ಎಂದಳು ತಂಗಿ.

ಅಧಿಕಾರಿ ಹೋದಳು. ಅಕ್ಕ ಅವಳ ಹಿಂದೆಯೇ ಓಣಿಗಿಳಿದು, ಸುತ್ತಿಬಳಸಿ ಮುಂಬಾಗಿಲಿನಿಂದ ತನ್ನ ಮನೆಗೆ ಹೋದಳು. ಒಳಬಾಗಿಲಿನ ಆಚೆ ಅವಳ ಹೆಜ್ಜೆ ಬಂದು ನಿಂತಿತು. ಏನೋ ಬಿಕ್ಕಿದ ಸದ್ದು. ಸೆರಗು ಬಾಯಿಗೆ ತುರುಕಿಕೊಂಡಂಥ ಸದ್ದು. ತಂಗಿ ಓಡಿಬಂದು ಚಿಲಕಕ್ಕೆ ಕೈಹಾಕಿದಳು. ಮಗಳು ಬರುತ್ತಾಳೆ ಅಕ್ಕ, ಬಂದೇ ಬರುತ್ತಾಳೆ ಎಂದು ಹೇಳಬೇಕಿತ್ತು, ಕಾಲು ಹಿಡಿಯಬೇಕಿತ್ತು.

"ತೆಗೀಬೇಡ" ಎಂದಳು ಅಕ್ಕ ಆಚೆಯಿಂದ, ಪಿಸುಮಾತಿನಲ್ಲಿ. "ಹೋದಳಾ ನೋಡು."

ತಂಗಿ ಕಿಟಕಿಯ ಹತ್ತಿರ ಹೋಗಿ ಪರದೆಯ ಅಂಚು ಸರಿಸಿದಳು. ಕಾರು ಅಲ್ಲಿಯೇ ಇತ್ತು. ಅಧಿಕಾರಿ ಸ್ಟೇರಿಂಗಿನ ಮೇಲೆ ಕಾಗದ ಹಾಸಿಕೊಂಡು, ಡಬ್ಬಿ ತೆಗೆದು ನಿಧಾನವಾಗಿ ಊಟ ಮಾಡುತ್ತಿದ್ದಳು. ಅಗಿಯುತ್ತ ಒಮ್ಮೆ ತಲೆಯೆತ್ತಿ ಮನೆಯ ಕಡೆ ನೋಡಿದಳು.

ತಂಗಿ ಬಾಗಿಲಿನ ಹತ್ತಿರ ಹಿಂದಿರುಗಿದಳು. "ಇದ್ದಾಳೆ."

"ಹಾಗಾದ್ರೆ ಮಾತಾಡ್ಬೇಡ."

ತಂಗಿ ಬಾಗಿಲಿಗೆ ಅಂಗೈ ಒತ್ತಿಕೊಂಡು ನಿಂತಳು.