ಬಾಗಿಲ ಹಿಂದಿನ ಅನ್ನ

ರಂಜಾನಿನಲ್ಲಿ ಮುಟ್ಟಾದ ಹೆಂಗಸಿಗೆ ಉಪವಾಸವಿಲ್ಲ. ಆದರೂ ನೋವಾಖಾಲಿಯ ನಮ್ಮ ಮನೆಯಲ್ಲಿ ನಾವು ಹೆಂಗಸರು ಆ ದಿನಗಳಲ್ಲೂ ಉಪವಾಸದ ಸೋಗು ಹಾಕಿ, ಹಗಲು ಅಡುಗೆಮನೆಯ ಬಾಗಿಲ ಹಿಂದೆ ನಿಂತು ತಂಗಳನ್ನ ನುಂಗುತ್ತಿದ್ದೆವು. ಮಾವನ ಕೆಮ್ಮು ಕೇಳಿಸಿದರೆ ಸಾಕು, ತಟ್ಟೆ ಮಡಕೆಯ ಹಿಂದೆ ಸೇರುತ್ತಿತ್ತು.

ಹೋದ ವರ್ಷ ನನ್ನ ಓರಗಿತ್ತಿ ತಹುರಾ ಹಾಗೆ ಉಣ್ಣುವಾಗ ಕಿರಿಯ ಮೈದುನನ ಕಣ್ಣಿಗೆ ಬಿದ್ದಳು. ತಿಂಗಳಿಡೀ ತಲೆ ಎತ್ತಲಿಲ್ಲ. ಈ ವರ್ಷ ಮುಂಚೆಯೇ ನನ್ನ ಹತ್ತಿರ ಬಂದಳು.

"ಬುಬು, ಅಕ್ಕಾ, ನಿನ್ನ ಮಾತ್ರೆ ಒಂದಿಷ್ಟು ಕೊಡು. ಬಿಡದೆ ನುಂಗಿದ್ರೆ ಮುಟ್ಟೇ ಆಗಲ್ವಂತೆ."

ಅವಳ ಗಂಡ ಒಮಾನಿನಲ್ಲಿ. ನನ್ನವನು ಮನೆಯಲ್ಲೇ, ಹಾಗಾಗಿ ಮಕ್ಕಳಾಗದ ಮಾತ್ರೆ ನನ್ನ ಟ್ರಂಕಿನಲ್ಲಿ ಇದ್ದೇ ಇರುತ್ತಿತ್ತು. ದೊಡ್ಡ ಉಪಕಾರ ಮಾಡಿದವಳಂತೆ ಕೊಟ್ಟೆ, ನನ್ನ ಬುದ್ಧಿಗೆ ಮಣ್ಣು ಹಾಕ.

ರಂಜಾನಿನ ನಡುವೆ ಅವಳ ಎಡಗಾಲು ಊದಿತು. ಆಮೇಲೆ ಏದುಸಿರು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅತ್ತೆ ಮಾವನ ಎದುರಿಗೇ ಕೇಳಿದರು.

"ಕಾಲಲ್ಲಿ ರಕ್ತ ಹೆಪ್ಪುಗಟ್ಟಿ ಎದೆಗೆ ಹೋದ ಹಾಗಿದೆ. ಮಕ್ಕಳಾಗದ ಮಾತ್ರೆ ತಗೋತಿದ್ದೀಯಾ?"

"ಇಲ್ಲ," ಎಂದಳು ತಹುರಾ.

"ಗಂಡ ಪರದೇಶದಲ್ಲಿರೋಳಿಗೆ ಆ ಮಾತ್ರೆ ಯಾಕೆ?" ಅತ್ತೆ ಗದರಿದರು.

ತಹುರಾ ನನ್ನನ್ನೇ ನೋಡುತ್ತಿದ್ದಳು, ಹೇಳಬೇಡ ಅಂತ. ಹೇಳಿದರೆ ಅವಳ ಮಾನ ಹೋಗುತ್ತದೆ. ಹೇಳದಿದ್ದರೆ ಉಸಿರೇ ಹೋದೀತು.

"ತಗೊಂಡಿದ್ದಾಳೆ, ನಾನೇ ಕೊಟ್ಟೆ," ಎಂದೆ. "ಉಪವಾಸ ತಪ್ಪಬಾರದು ಅಂತ, ಮುಟ್ಟು ನಿಲ್ಲೋಕೆ. ಬೇರೆ ಯಾವುದಕ್ಕೂ ಅಲ್ಲ, ಅತ್ತೆ."

ಮಾವನ ಎದುರು ಮುಟ್ಟಿನ ಮಾತು! ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

"ನಿನಗೆ ಒಗ್ಗಿದ್ದು ಇವಳಿಗೂ ಒಗ್ಗಬೇಕಾ?" ಡಾಕ್ಟರಮ್ಮ ಸೂಜಿ ತರಿಸುತ್ತ ಕೇಳಿದರು. "ತುಂಬಾ ಜನಕ್ಕೆ ಏನೂ ಆಗಲ್ಲ, ಕೆಲವರಿಗೆ ಹೀಗಾಗತ್ತೆ. ತವರಲ್ಲಿ ಯಾರಿಗಾದ್ರೂ ಆಗಿತ್ತಾ?"

"ಅಮ್ಮನಿಗೆ," ಎಂದಳು ತಹುರಾ. "ಬಾಣಂತಿ ಇದ್ದಾಗ ಕಾಲು ಊದಿ ತೀರ್ಕೊಂಡ್ಲು."

ಇಷ್ಟು ವರ್ಷ ಒಂದೇ ಒಲೆ ಹಚ್ಚಿದವಳು, ನಾನು ಅದನ್ನೂ ಕೇಳಿರಲಿಲ್ಲ.

ತಹುರಾ ಉಳಿದಳು. ಉಸಿರು ಸರಿಹೋದ ಮೇಲೆ, ರಂಜಾನ್ ಮುಗಿಯುವ ಮುಂಚೆಯೇ, ಒಂದು ಮಧ್ಯಾಹ್ನ ವಾರ್ಡಿನ ಬಾಗಿಲಲ್ಲಿ ಅದೇ ಕೆಮ್ಮು ಕೇಳಿಸಿತು. ಮಾವ ಡಬ್ಬಿ ಬಿಚ್ಚಿ ಮಂಚದ ಮೇಲಿಟ್ಟರು. ಬಿಸಿ ಅನ್ನ, ಮೀನಿನ ಸಾರು.

ತಹುರಾ ಸೆರಗು ಎಳೆದುಕೊಂಡಳು. "ಹಗಲು ಹೊತ್ತು... ನಿಮ್ಮ ಎದುರಿಗೆ ಹೇಗೆ ಉಣ್ಣಲಿ?"

ಮಾವ ಗೋಡೆ ನೋಡುತ್ತ ನಿಂತರು.

"ಉಣ್ಣಮ್ಮಾ. ಅಡುಗೆಮನೆ ಹತ್ರ ಬರೋವಾಗೆಲ್ಲ ನಾನು ಯಾಕೆ ಕೆಮ್ತಿದ್ದೆ ಅಂದ್ಕೊಂಡಿದ್ದೀರಿ ನೀವೆಲ್ಲ?"