ತಾತನ ಬಂಡಿಯ ಕೂಗು

"ಗೋರಿಯಲ್ಲಿ ಹುಟ್ಟಿದವರ ಬಂಡಿ ನೋಡ್ರಪ್ಪ. ಹೆಣ ಹೊತ್ಕೊಂಡವರ ಹಾಗೆ ಅತ್ಕೊಂಡು ಬಂದಿದೆ."

ಸಲ್ತ್ ಪೇಟೆಯ ನಡುವೆ ಮೂವತ್ತು ಜನರ ಎದುರು ಹೀಗೆ ಅಂದವನು ಧಾನ್ಯದ ವ್ಯಾಪಾರಿ ತೌಫಿಕ್ ಹಾಜಿ. ಅಂಗಡಿಯ ಮುಂದಿನ ಕಲ್ಲುಕಟ್ಟೆಯ ಮೇಲೆ ಕಾಲು ಮಡಿಚಿ ಕೂತು ಕಾಫಿ ಹೀರುತ್ತಿದ್ದ. ಜನ ನಕ್ಕರು. ನಾನು ಬಾರ್ಲಿ ಮೂಟೆಗಳನ್ನು ಇಳಿಸುತ್ತಿದ್ದವನು ಹಾಗೇ ನಿಂತೆ.

"ಏ ಚೆರ್ಕೆಸ್, ಆ ಅಚ್ಚಿಗೆ ಒಂಚೂರು ಕೊಬ್ಬು ಸವರೋಕೂ ಗತಿ ಇಲ್ವಾ ನಿಮ್ಮೂರಲ್ಲಿ? ಇಲ್ಲ ಅದೂ ನಿಮ್ಮ ಹಾಗೇ ಬಿಟ್ಟು ಓಡಿಬಂದ ದೇಶ ನೆನೆಸ್ಕೊಂಡು ಅಳುತ್ತಾ?"

"ಕೊಬ್ಬು ಇದೆ ಹಾಜಿ. ಎಲ್ಲಾನೂ ಹೊಟ್ಟೆ ಮೇಲೆ ಹೊತ್ಕೊಂಡು ತಿರುಗಲ್ಲ, ಅಷ್ಟೆ" ಎಂದೆ.

ಅದಕ್ಕೂ ಜನ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಹಾಜಿಯೇ. ಹೊಟ್ಟೆ ತಟ್ಟಿಕೊಂಡು ನಕ್ಕ. ಅವನು ಬೈದದ್ದಕ್ಕಿಂತ ಹೆಚ್ಚಾಗಿ ಹಾಗೆ ನಕ್ಕದ್ದು ನನ್ನನ್ನು ಸುಟ್ಟಿತು.

ಗೋರಿಯ ಮಾತು ಸುಳ್ಳಲ್ಲ. ನನ್ನಪ್ಪ ಹುಟ್ಟಿದ್ದು ಗೋರಿಯಲ್ಲೇ.

ನನ್ನ ತಾತ ಬಿಬೊಲೆಟ್ ಇಲ್ಲಿಗೆ ಬಂದಾಗ ಇಲ್ಲಿ ಊರೇ ಇರಲಿಲ್ಲ. ಚೆರ್ಕೆಸರಾದ ನಮ್ಮ ಜನರನ್ನು ಕಪ್ಪು ಸಮುದ್ರದ ಆಚೆಯ ಬೆಟ್ಟಗಳಿಂದ ಒಮ್ಮೆ ಓಡಿಸಿದರು. ಹೋಗಿ ನೆಲೆಸಿದ ಕಡೆಯಿಂದ ಇನ್ನೊಮ್ಮೆ ಓಡಿಸಿದರು. ಹಡಗು ಅಕ್ಕಾ ಬಂದರಿಗೆ ತಂದು ಸುರಿದ ಮೇಲೆ ಇಪ್ಪತ್ತೆರಡು ಮನೆಯವರು ನಡೆದು ನಡೆದು ಈ ಕಣಿವೆಗೆ ಬಂದು ಕುಸಿದರು. ಒಂದು ಹೊಳೆ, ರೋಮನರ ಕಾಲದ ಮುರಿದ ಕಂಬಗಳು, ಗುಡ್ಡಕ್ಕೆ ಕೊರೆದ ಹಳೆಯ ಗೋರಿಗಳು. ಇಷ್ಟೇ ಇದ್ದದ್ದು. ಮೊದಲ ಚಳಿಗಾಲದಲ್ಲಿ ಮೇಲೆ ಸೂರು ಅಂತ ಇದ್ದದ್ದು ಆ ಗೋರಿಗಳಿಗೆ ಮಾತ್ರ. ಸತ್ತವರ ಮೂಳೆಗಳನ್ನು ಮರ್ಯಾದೆಯಿಂದ ಒಂದು ಮೂಲೆಗೆ ಸರಿಸಿ, ಬದುಕಿದ್ದವರು ಮಲಗಿದರು. ಬೇಸಿಗೆಯಲ್ಲಿ ಜ್ವರ ಬಂತು. ಹದಿಮೂರು ಗುಂಡಿಗಳನ್ನು ತಾತನೇ ತೋಡಿದ. ಹದಿಮೂರನೆಯದು ನನ್ನಜ್ಜಿಗೆ.

ಅದಾದ ಮೇಲೆ ಗುದ್ದಲಿ ಇಟ್ಟು ಕೊಡಲಿ ಹಿಡಿದ. ಉತ್ತರದ ಕಾಡಿನಿಂದ ಓಕ್ ಮರ ತಂದು ಬಂಡಿ ಮಾಡಿದ. ಒಂದು ಮೊಳೆ ಇಲ್ಲ, ಒಂದು ಕಬ್ಬಿಣದ ಪಟ್ಟಿ ಇಲ್ಲ. ಎರಡು ಚಕ್ರಗಳ ಜೊತೆಗೇ ಅಚ್ಚೂ ತಿರುಗುತ್ತದೆ, ಮರಕ್ಕೆ ಮರ ಉಜ್ಜಿ ಕೂಗುತ್ತದೆ. ಒಂಟೆಯ ಬೆನ್ನನ್ನಷ್ಟೇ ನಂಬಿದ್ದ ಈ ಸೀಮೆಯ ಬೆದೂಯಿನರು ಅದನ್ನು ನೋಡಲು ದಿನಗಟ್ಟಲೆ ದಾರಿ ನಡೆದು ಬಂದರಂತೆ. ಅವರ ಹಿರಿಯನ ಜೊತೆ ತಾತ ಒಂದು ಮಾತು ಕಟ್ಟಿಕೊಂಡ. ಕೂಗುತ್ತಾ ಬರುವ ಬಂಡಿಯನ್ನು ಅವರು ತಡೆಯಬಾರದು. ಸದ್ದಿಲ್ಲದೆ ಬಂದದ್ದು ಅವರದೇ ಆಗಲಿ ನಮ್ಮದೇ ಆಗಲಿ, ಕುರಿ ಕದಿಯಲು ಬಂದದ್ದೆಂದೇ ಲೆಕ್ಕ; ಗುಂಡು ಹೊಡೆದರೂ ಕೇಳುವ ಹಾಗಿಲ್ಲ.

ಇವತ್ತು ನಮ್ಮೂರಲ್ಲಿ ಇನ್ನೂರು ಮನೆ ಇದೆ, ಗಿರಣಿ ಇದೆ, ಮಸೀದಿ ಇದೆ. ಎಲ್ಲದರ ಕಲ್ಲನ್ನೂ ಎಳೆದದ್ದು ಆ ಅಚ್ಚು. ಆದರೂ ನಾನು ಚಿಕ್ಕಂದಿನಿಂದ ಅದರ ಕೂಗಿಗೆ ನಾಚಿಕೊಂಡೇ ಬೆಳೆದೆ. ಒಮ್ಮೆ ಕೀಲೆಣ್ಣೆ ಹಾಕೋಣ ಅಂದಾಗ ತಾತ ತಿರುಗಿ ಕೂಡ ನೋಡಲಿಲ್ಲ. "ಯಾಕೆ? ನಾನೇನು ಕದ್ದು ತರ್ತಿದ್ದೀನಾ, ಬಾಯಿ ಮುಚ್ಕೊಂಡು ಬರೋಕೆ?" ಎಂದಿದ್ದ.

ಹಾಜಿ ನಕ್ಕ ದಿನ ಸಂಜೆ ಹೊರಟು, ಅರ್ಧ ದಾರಿಯ ಬುಗ್ಗೆಯ ಹತ್ತಿರ ಬಂಡಿಯ ಕೆಳಗೆ ಮಲಗಿದೆ. ನಿದ್ದೆ ಎಲ್ಲಿಯದು. ಮನೆಯ ಅಡುಗೆಗೆಂದು ಪೇಟೆಯಿಂದ ಕುರಿಯ ಬಾಲದ ಕೊಬ್ಬು ತಂದಿದ್ದೆ. ಬೆಳಕು ಹರಿಯುವ ಮೊದಲೇ ಎದ್ದು, ಅಷ್ಟನ್ನೂ ಅಚ್ಚಿಗೆ ಮೆತ್ತಿದೆ. ಎತ್ತು ಹೂಡಿ ಹೊರಟರೆ, ಆಹಾ, ಬೆಕ್ಕು ನಡೆದ ಹಾಗೆ ನಡೆಯಿತು ಬಂಡಿ. ಮಂಜು ಬಿದ್ದಿತ್ತು. ನನ್ನ ಎತ್ತಿನ ಕೊಂಬೇ ನನಗೆ ಕಾಣುತ್ತಿರಲಿಲ್ಲ. ಲೋಕದಲ್ಲಿ ನಾನೊಬ್ಬನೇ ದೊರೆ ಅನ್ನಿಸಿತು.

ಕಣಿವೆಯ ಬಾಯಲ್ಲಿ ಒಂದು ಮುರಿದ ಕಂಬದ ಬುಡವಿದೆ. ನಲವತ್ತು ವರ್ಷಗಳಿಂದ ಪ್ರತಿ ಬೆಳಗ್ಗೆ ತಾತ ಅದರ ಮೇಲೆ ಕೋವಿ ಹಿಡಿದು ಕೂರುತ್ತಾನೆ. ಈಗ ಕಣ್ಣಿಗೆ ಪೊರೆ ಬಂದು ಮನುಷ್ಯ ಯಾರು ಮರ ಯಾವುದು ತಿಳಿಯುವುದಿಲ್ಲ. ಆದರೂ ಕೂರುತ್ತಾನೆ.

"ಯಾರದು?" ಎಂದು ಮಂಜಿನೊಳಗಿನಿಂದ ಕೂಗಿದ.

ನಾನು ನಗು ತಡೆದುಕೊಂಡೆ. ಪಕ್ಕಕ್ಕೇ ಹೋಗಿ ಬೆಚ್ಚಿಬೀಳಿಸೋಣ, ಬಂಡಿ ಅಂದರೆ ಹೀಗಿರಬೇಕು ಅಂತ ತೋರಿಸೋಣ ಎಂದುಕೊಂಡೆ.

"ಯಾರದು?" ಎರಡನೆಯ ಸಲ.

ಉತ್ತರ ಕೊಡಲಿಲ್ಲ. ಗುಂಡಿನ ಸದ್ದು ಕಿವಿಗೆ ಬೀಳುವ ಹೊತ್ತಿಗೆ ಬಲಗಡೆಯ ಎತ್ತು ಮಂಡಿಯೂರಿತ್ತು.

"ತಾತಾ, ನಾನು, ಶುಮಾಫ್" ಎಂದು ಅರಚಿದೆ.

ನಂತರ ಕೋಲು ಕಲ್ಲಿಗೆ ತಾಗುವ ಸದ್ದು. ತಾತ ಬಂದು ನನ್ನ ಮುಖ, ಹೆಗಲು, ಎದೆ, ಒಂದೊಂದನ್ನೂ ಸವರಿ ನೋಡಿದ. ಆಮೇಲೆ ಎತ್ತಿನ ಕತ್ತು ಸವರಿದ, ಉಸಿರು ನಿಲ್ಲುವವರೆಗೂ ಕೈ ತೆಗೆಯಲಿಲ್ಲ. ಕೊನೆಗೆ ಆ ಕೈ ಅಚ್ಚಿಗೆ ಹೋಯಿತು. ಬೆರಳು ಮೂಸಿದ.

"ಬಾಲದ ಕೊಬ್ಬು" ಎಂದ. "ಒಳ್ಳೇದೇ ತಂದಿದ್ದೀಯ."

ಅಷ್ಟೇ.

ಮಧ್ಯಾಹ್ನ ಅತಿಥಿಮನೆಯಲ್ಲಿ ಹಿರಿಯರು ಸೇರಿದರು. ನಮ್ಮಲ್ಲಿ ಹಿರಿಯರು ಕೂತಿರುವಾಗ ಎಳೆಯರು ಬಾಗಿಲ ಬಳಿ ನಿಂತಿರಬೇಕು, ಕೇಳದೆ ಬಾಯಿ ತೆರೆಯಬಾರದು. ನಾನು ನಿಂತಿದ್ದೆ. ಎಲ್ಲರಿಗೂ ಹಿರಿಯ ಜಾನ್‌ಖೋತ್. ತಾತನ ಜೊತೆ ಅದೇ ಹಡಗಿನಲ್ಲಿ ಬಂದವನು.

"ಏನಾಯ್ತು ಬಿಬೊಲೆಟ್?"

"ನಾನು ಹೊಡೆದೆ" ಎಂದ ತಾತ. ಕೊಬ್ಬಿನ ಮಾತು ಎತ್ತಲೇ ಇಲ್ಲ.

"ಸ್ವಂತ ಎತ್ತು. ಪಕ್ಕದಲ್ಲಿ ಸ್ವಂತ ಮೊಮ್ಮಗ. ಇವತ್ತು ಹೀಗೆ, ನಾಳೆ ಯಾರ ಮನೆ ಮಗ?" ಜಾನ್‌ಖೋತನ ದನಿಯಲ್ಲಿ ಸಿಟ್ಟಿರಲಿಲ್ಲ. "ಕಣ್ಣು ಹೋಯ್ತು ಕಣೋ. ಸಾಕು. ಕೋವಿ ಆ ಗೂಟಕ್ಕೆ ನೇತುಹಾಕು."

ತಾತ ಎದ್ದ. ಹೆಗಲಿನಿಂದ ಕೋವಿ ಇಳಿಸಿದ. ಗೂಟ ಎಲ್ಲಿದೆ ಎಂದು ಗೋಡೆ ತಡವಿದ. ಆ ಕಲ್ಲು, ಆ ಕಾವಲು ಹೋದರೆ ಅವನಿಗೆ ಉಳಿಯುವುದು ಕುರುಡುತನ ಒಂದೇ, ಒಲೆಯ ಪಕ್ಕದ ಮೂಲೆ ಒಂದೇ. ಅದು ನನಗೆ ಗೊತ್ತಿತ್ತು. ಅಲ್ಲಿದ್ದವರೆಲ್ಲರಿಗೂ ಗೊತ್ತಿತ್ತು.

"ತಪ್ಪು ತಾತನದಲ್ಲ" ಎಂದೆ.

ಎಲ್ಲರ ತಲೆಯೂ ಬಾಗಿಲ ಕಡೆ ತಿರುಗಿತು. "ಬಾಗಿಲಲ್ಲಿ ನಿಂತವನಿಗೆ ನಾಲಿಗೆ ಯಾವಾಗ ಬಂತು?" ಎಂದ ಜಾನ್‌ಖೋತ್.

"ನಾನು ಅಚ್ಚಿಗೆ ಕೊಬ್ಬು ಹಾಕಿದ್ದೆ. ತಾತ ಎರಡು ಸಲ ಕೂಗಿದ. ಎರಡು ಸಲಾನೂ ಕೇಳಿಸ್ತು. ಬೇಕಂತಲೇ ಸುಮ್ಮನಿದ್ದೆ."

"ಯಾಕೆ ಹಾಕಿದೆ?"

"ಪೇಟೆಯಲ್ಲಿ ನಕ್ಕರು."

"ನಕ್ಕರು" ಎಂದು ಜಾನ್‌ಖೋತ್ ಆ ಮಾತನ್ನು ಬಾಯಲ್ಲಿ ಹೊರಳಿಸಿದ. "ಅಕ್ಕಾದಿಂದ ಇಲ್ಲಿವರೆಗೂ ದಾರಿ ಉದ್ದಕ್ಕೂ ನಕ್ಕಿದ್ದಾರೆ ಮಗಾ ನಮ್ಮನ್ನ ನೋಡಿ. ಮೊದಲನೇ ವರ್ಷ ಈ ಬಂಡಿಗೆ ಎತ್ತು ಎಲ್ಲಿತ್ತು? ನಿನ್ನ ತಾತ ಒಂದು ಕಡೆ, ನಾನು ಇನ್ನೊಂದು ಕಡೆ ನೊಗಕ್ಕೆ ಹೆಗಲು ಕೊಟ್ಟು ಸಲ್ತ್ ಪೇಟೆಗೆ ಎಳ್ಕೊಂಡು ಹೋಗ್ತಿದ್ವಿ. ಹೇಳಿಲ್ವಾ ಅವನು?"

ಹೇಳಿರಲಿಲ್ಲ.

"ಗುಂಡು ಬಿದ್ದಾಗ ಎಷ್ಟು ದೂರ ಇದ್ದೆ?"

"ಎಪ್ಪತ್ತು ಹೆಜ್ಜೆ. ಆಮೇಲೆ ಅಳೆದೆ."

"ಎಲ್ಲಿಗೆ ಬಿತ್ತು?"

"ಮುಂಗಾಲಿನ ಹಿಂದೆ, ಎದೆಗೆ. ಒಂದೇ ಗುಂಡು."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಸುಮ್ಮನೆ ಕೆಮ್ಮಿದ. ಮಂಜಿನಲ್ಲಿ, ಕಣ್ಣಿಲ್ಲದೆ, ಗೊರಸಿನ ಸದ್ದು ಕೇಳಿ ಹೊಡೆದದ್ದು. ಆ ಕೋಣೆಯಲ್ಲಿ ಕಣ್ಣಿದ್ದ ಯಾರಿಂದಲೂ ಆಗದ ಕೆಲಸ.

"ಕೂತ್ಕೋ ಬಿಬೊಲೆಟ್" ಎಂದ ಜಾನ್‌ಖೋತ್. "ಕೋವಿ ಭಾರ ಅನ್ನಿಸಿದ ದಿನ ನೀನೇ ತಂದುಕೊಡು." ಆಮೇಲೆ ನನ್ನ ಕಡೆ ತಿರುಗಿ, "ಎತ್ತು ಒಂದು ಕಮ್ಮಿ ಆಯ್ತಲ್ಲ. ಏನು ಮಾಡ್ತೀಯ?"

"ನಾನಿದ್ದೀನಿ" ಎಂದೆ.

ಮಾರನೆಯ ದಿನ ತಾತ ಮತ್ತು ನಾನು ಬೂದಿ, ಬಿಸಿನೀರು ಹಾಕಿ ಅಚ್ಚನ್ನು ಉಜ್ಜಿದೆವು. ತಾತ ಉಗುರಿನಲ್ಲಿ ಕೆರೆದು ಕೆರೆದು ಮೂಸುತ್ತಿದ್ದ. ಮರ ಒಣಗಿದ ಮೇಲೆ ಚಕ್ರ ಒಂದು ಸುತ್ತು ತಿರುಗಿಸಿದ. ಅದು ಕಿರುಚಿತು. ತಾತನ ಮುಖ ಹಗುರಾಯಿತು.

ವಾರದ ಸಂತೆಗೆ ಅರ್ಧ ಹೊರೆ ಬಾರ್ಲಿ ಹೇರಿ, ನೊಗದ ಎಡಕ್ಕೆ ಉಳಿದ ಎತ್ತು, ಬಲಕ್ಕೆ ನನ್ನ ಹೆಗಲು ಕೊಟ್ಟು ಹೊರಟೆ. ಕಣಿವೆಯ ಬಾಯಲ್ಲಿ ತಾತ ಕಲ್ಲಿನ ಮೇಲೆ ಕೂತಿದ್ದ. ಯಾರದು ಎಂದು ಕೇಳಲಿಲ್ಲ. ಕೇಳುವ ಅಗತ್ಯ ಇರಲಿಲ್ಲ. ಏರುದಾರಿಯಲ್ಲಿ ಬೆದೂಯಿನ ಹೆಂಗಸರು ಗುಡಾರದಿಂದ ಹೊರಬಂದು ನೋಡಿದರು. ಅವರಲ್ಲೊಬ್ಬ ಮುದುಕಿ ನಗಲಿಲ್ಲ, ಎದ್ದು ನಿಂತಳು. ಮೊದಲ ವರ್ಷ ಈ ಬಂಡಿಯನ್ನು ನೋಡಿದ್ದವಳಿರಬೇಕು.

ಸಲ್ತ್ ಪೇಟೆ ಮುಟ್ಟುವ ಹೊತ್ತಿಗೆ ಹೆಗಲಿನ ಚರ್ಮ ಸುಲಿದು ಅಂಗಿ ಅಂಟಿಕೊಂಡಿತ್ತು. ತೌಫಿಕ್ ಹಾಜಿ ಅದೇ ಕಟ್ಟೆಯ ಮೇಲಿದ್ದ. ಕಾಫಿ ಬಟ್ಟಲು ಕೆಳಗಿಟ್ಟ.

"ಅಲ್ಲ ನೋಡ್ರಪ್ಪ, ಈ ಸಲ ಬಲಗಡೆ ಎತ್ತಿನ ತಲೆಗೆ ಟೋಪಿ ತೊಡಿಸಿದ್ದಾರೆ."

ಪೇಟೆಯೆಲ್ಲ ನಕ್ಕಿತು.

"ಹೋದ ವಾರ ಈ ಎತ್ತಿಗೆ ನಾಲಿಗೆ ಇತ್ತಲ್ಲೋ. ಗೋರಿಯಲ್ಲೇ ಬಿಟ್ಟು ಬಂದ್ಯಾ?"

ಎದುರು ಮಾತು ನಾಲಿಗೆಯ ತುದಿಯಲ್ಲೇ ಇತ್ತು, ಹರಿತವಾದದ್ದೇ; ನುಂಗಿಕೊಂಡೆ. ಅವನ ಅಂಗಡಿಯ ಮುಂದೆ ಬಂಡಿ ನಿಲ್ಲಿಸಲಿಲ್ಲ. ತಾತ ಹೆಗಲು ಕೊಟ್ಟಿದ್ದ ನೊಗಕ್ಕೆ ಹೆಗಲನ್ನು ಇನ್ನೂ ಒತ್ತಿ, ಕಾಲೂರಿ ಎಳೆದೆ. ಅಚ್ಚು ಕಿವಿ ಹರಿಯುವಂತೆ ಕೂಗಿತು. ಹಾಜಿ ಇನ್ನೇನೋ ಅಂದ, ಅದು ಯಾರಿಗೂ ಕೇಳಿಸಲಿಲ್ಲ. ಜನ ಎರಡೂ ಬದಿಗೆ ಸರಿದು ದಾರಿ ಬಿಟ್ಟರು. ಬೀದಿಯ ಆ ತುದಿಯವರೆಗೂ ನಾನು ತಿರುಗಿ ನೋಡದೆ ಎಳೆದುಕೊಂಡು ನಡೆದೆ.